ಸಿವಿಲ್ ಸರ್ವಿಸ್ ತಯಾರಿ: ಎರಡು ವರ್ಷದ ಗಡುವು ಬೇಕೇ?

ಪರ: ಎರಡು ವರ್ಷ ಓದಿ, ಆಮೇಲೆ ಕೈಯಲ್ಲೊಂದು ಕೆಲಸ ಇರಲಿ

ಯುಪಿಎಸ್‌ಸಿಯ ಸಿವಿಲ್ ಸರ್ವಿಸ್ ಪರೀಕ್ಷೆಗೆ ಎಷ್ಟು ದಿನ ಓದಬೇಕು ಎಂದು ಕೋಚಿಂಗ್ ಸೆಂಟರಿನಲ್ಲಿ ಕೇಳಿದರೆ ಒಂದು ವರ್ಷ ಎನ್ನುತ್ತಾರೆ. ಅದು ಅವರ ಬ್ಯಾಚಿನ ಅವಧಿ ಅಷ್ಟೇ. ಸೀನಿಯರ್‌ಗಳನ್ನು ಕೇಳಿದರೆ ‘ಆಗೋವರೆಗೆ’ ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಎರಡು ವರ್ಷ. ಸಂಬಳವಿಲ್ಲದೆ, ಬೇರೆ ಯಾವ ಕೆಲಸವೂ ಇಲ್ಲದೆ ಪೂರ್ತಿ ಓದಿಗೇ ಕೂರುವುದಾದರೆ ಅಷ್ಟು ಸಾಕು. ಈ ಗಡುವನ್ನು ಪುಸ್ತಕ ಕೊಳ್ಳುವ ಮೊದಲೇ ಮನೆಯವರ ಮುಂದೆ ಹೇಳಿಬಿಡಬೇಕು.

ಎರಡೇ ಯಾಕೆ? ಈ ಜೂನ್‌ನಲ್ಲಿ ಓದು ಶುರು ಮಾಡಿದರೆ ಮುಂದಿನ ಮೇ ಹೊತ್ತಿಗೆ ಮೊದಲ ಪ್ರಿಲಿಮ್ಸ್ (ಪೂರ್ವಭಾವಿ ಪರೀಕ್ಷೆ). ಅದು ಕೈಕೊಟ್ಟರೆ ಅದರಾಚೆಯ ಮೇ ತಿಂಗಳಲ್ಲಿ ಇನ್ನೊಂದು. ಸಿಲೆಬಸ್ ದೊಡ್ಡದೇ, ಆದರೆ ಮುಗಿಯದ್ದೇನಲ್ಲ. ಎನ್‌ಸಿಇಆರ್‌ಟಿ ಪಠ್ಯಗಳು, ವಿಷಯಕ್ಕೊಂದು ಪುಸ್ತಕ, ದಿನಾ ಪೇಪರ್, ಒಂದು ಆಪ್ಷನಲ್ (ಐಚ್ಛಿಕ ವಿಷಯ). ಇಷ್ಟನ್ನು ವರ್ಷದೊಳಗೆ ಓದಿ ಮುಗಿಸಿ ಮತ್ತೊಮ್ಮೆ ತಿರುವಿ ಹಾಕಬಹುದು.

ಮೂರನೇ ವರ್ಷದಲ್ಲಿ ಏನಾಗುತ್ತದೆ? ಅವೇ ಪುಸ್ತಕಗಳು. ಮೊದಲೇ ಗೆರೆ ಎಳೆದ ಸಾಲುಗಳ ಕೆಳಗೆ ಇನ್ನೊಂದು ಬಣ್ಣದ ಗೆರೆ. ಮೇನ್ಸ್‌ನ (ಮುಖ್ಯ ಪರೀಕ್ಷೆಯ) ಜಿಎಸ್ (ಸಾಮಾನ್ಯ ಅಧ್ಯಯನ) ಪೇಪರಿನಲ್ಲಿ ಮೂರು ಗಂಟೆಗೆ 20 ಪ್ರಶ್ನೆ ಬರೆಯಬೇಕು. ಒಂದಕ್ಕೆ 9 ನಿಮಿಷ. ಅಲ್ಲಿ ಬೇಕಾಗುವುದು ಬರೆದು ಬರೆದು ಪಳಗಿದ ಕೈ. ಅದನ್ನು ಬಿಟ್ಟು ಐದನೇ ಸಲ ಪಾಲಿಟಿ (ಸಂವಿಧಾನ, ಆಡಳಿತ) ಓದುತ್ತಾ ಕೂತವರು ಬೇಕಾದಷ್ಟು ಜನ ಇದ್ದಾರೆ. ಓದಿ ಓದಿ ಮರುಳಾದ ಕೂಚುಭಟ್ಟ ಅಂತ ಹಿರಿಯರು ಸುಮ್ನೆ ಹೇಳಿಲ್ಲ.

2024ರ ಪರೀಕ್ಷೆಗೆ ಅರ್ಜಿ ಹಾಕಿದವರು 9,92,599. ಪ್ರಿಲಿಮ್ಸ್ ಬರೆದವರು 5,83,213. ಮೇನ್ಸ್‌ಗೆ ಹೋದವರು 14,627, ಸಂದರ್ಶನಕ್ಕೆ 2,845, ಆಯ್ಕೆಯಾದವರು 1,009. ಪ್ರಿಲಿಮ್ಸ್ ಬರೆದ ಸುಮಾರು 40 ಜನರಲ್ಲಿ ಒಬ್ಬರು ಮಾತ್ರ ಮುಂದಕ್ಕೆ ಹೋದರು. ನೀವು ಇನ್ನೊಂದು ವರ್ಷ ಓದಿದರೆ ಈ ಲೆಕ್ಕ ಬದಲಾಗುವುದಿಲ್ಲ. ಪಕ್ಕದಲ್ಲಿ ಕೂತವರೂ ಇನ್ನೊಂದು ವರ್ಷ ಓದಿರುತ್ತಾರೆ, ಅಲ್ವಾ? ಚೆನ್ನಾಗಿ ಓದಿದವರೂ ಹೊರಗುಳಿಯುವ ಪರೀಕ್ಷೆ ಇದು. ಅದಕ್ಕೇ ಅದರ ಮೇಲೆ ಎಷ್ಟು ವರ್ಷ ಹಾಕಬಹುದು ಎಂಬುದನ್ನು ಮೊದಲೇ ತೀರ್ಮಾನಿಸಬೇಕು.

ಮಧ್ಯದಲ್ಲಿ ತೀರ್ಮಾನಿಸೋಣ ಎಂದರೆ ಪುರುಸೊತ್ತೇ ಸಿಗುವುದಿಲ್ಲ. 2024ರ ಅಂತಿಮ ಫಲಿತಾಂಶ ಬಂದದ್ದು 2025ರ ಏಪ್ರಿಲ್ 22ಕ್ಕೆ. ಮುಂದಿನ ಪ್ರಿಲಿಮ್ಸ್ ನಡೆದದ್ದು ಮೇ 25ಕ್ಕೆ. ಸಂದರ್ಶನದವರೆಗೆ ಹೋಗಿ ಸೋತವರಿಗೆ ಅತ್ತು ಸುಧಾರಿಸಿಕೊಳ್ಳುವಷ್ಟರಲ್ಲಿ ಮತ್ತೆ ಹಾಲ್ ಟಿಕೆಟ್. ‘ಇದೊಂದು ಸಲ ನೋಡೋಣ’ ಎನ್ನುತ್ತಲೇ 22ರ ಹುಡುಗ 29 ದಾಟಿರುತ್ತಾನೆ. ಆಮೇಲೆ ಖಾಸಗಿ ಕಂಪನಿಯವರು ಇಷ್ಟು ವರ್ಷ ಏನು ಮಾಡಿದೆ ಎಂದು ಕೇಳಿದರೆ ಹೇಳಲು ಅವನ ಹತ್ತಿರ ನೋಟ್ಸ್ ಬಿಟ್ಟು ಏನೂ ಇರುವುದಿಲ್ಲ.

ಗಡುವು ಮುಗಿಯಿತು ಎಂದರೆ ಪರೀಕ್ಷೆ ಬಿಟ್ಟೇಬಿಡಿ ಎಂದಲ್ಲ. 2016ರ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲ ರ‍್ಯಾಂಕ್ ಪಡೆದ ಕೋಲಾರದ ಕೆ.ಆರ್. ನಂದಿನಿ ಆಗಲೇ ಐಆರ್‌ಎಸ್‌ನಲ್ಲಿದ್ದರು (ಭಾರತೀಯ ಕಂದಾಯ ಸೇವೆ). ಅದಕ್ಕೂ ಮೊದಲು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಬ್ಯಾಂಕು, ಖಾಸಗಿ, ಏನಾದರೂ ಸರಿ. ಕೆಲಸ ಹಿಡಿದು ಬೆಳಗ್ಗೆ ಎರಡು ಗಂಟೆ, ರಾತ್ರಿ ಎರಡು ಗಂಟೆ ಓದಿ. ಪಿಜಿ ಬಾಡಿಗೆಗೆ ಪ್ರತಿ ತಿಂಗಳು ಅಪ್ಪನಿಗೆ ಫೋನ್ ಮಾಡುವ ಸಂಕಟವಾದರೂ ತಪ್ಪುತ್ತದೆ.

ವಿರೋಧ: ಕ್ಯಾಲೆಂಡರ್ ಓದುವವರ ಕೈಯಲ್ಲಿಲ್ಲ

ಈ ಮೇ, ಆಮೇಲಿನ ಮೇ ಎಂದು ಬೆರಳು ಮಡಚಿ ಎಣಿಸುವುದು ಯುಪಿಎಸ್‌ಸಿಗೆ ಸರಿ. ಆದರೆ ನಮ್ಮಲ್ಲಿ ಯುಪಿಎಸ್‌ಸಿ ಜೊತೆಗೆ ಕೆಎಎಸ್‌ಗೂ (ರಾಜ್ಯದ ಆಡಳಿತ ಸೇವೆ) ಓದುವವರೇ ಜಾಸ್ತಿ. ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡವರನ್ನು ಕೇಳಿ ನೋಡಿ. ಆ ಪರೀಕ್ಷೆ ನಡೆಸುವ ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ) 106 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಅರ್ಜಿ ಕರೆದದ್ದು 2020ರ ಆರಂಭದಲ್ಲಿ. ಮುಂದಿನ ಅಧಿಸೂಚನೆ, 384 ಹುದ್ದೆಗೆ, ಬಂದದ್ದು 2024ರ ಫೆಬ್ರವರಿಯಲ್ಲಿ. 2021ರಲ್ಲಿ ಎರಡು ವರ್ಷದ ಗಡುವು ಹಾಕಿಕೊಂಡು ಕೂತವರು ಒಂದೇ ಒಂದು ಕೆಎಎಸ್ ಪ್ರಿಲಿಮ್ಸ್ ಕೂಡ ಬರೆಯದೆ ಎದ್ದು ಹೋಗಬೇಕಿತ್ತು.

ಕಾದು ಕೂತವರಿಗಾದರೂ ನೆಮ್ಮದಿ ಸಿಕ್ಕಿತೇ? ಆ ಪ್ರಿಲಿಮ್ಸ್ 2024ರ ಆಗಸ್ಟ್ 27ಕ್ಕೆ ನಡೆಯಿತು. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದದಲ್ಲಿ ತಪ್ಪುಗಳಿದ್ದವು, ಗಲಾಟೆಯಾಯಿತು, ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಆಯಿತು. ಅದರಲ್ಲೂ ಅನುವಾದದ ತಪ್ಪುಗಳ ದೂರು ಬಂತು. ಈ ತಿಂಗಳುಗಳನ್ನು ಯಾರ ಲೆಕ್ಕಕ್ಕೆ ಬರೆಯುವುದು? ಬೇರೆ ಕೆಲಸ ಹಿಡಿಯಿರಿ ಎನ್ನುವುದು ಸುಲಭ. ಪಿಡಿಒಗೂ ಎಫ್‌ಡಿಎಗೂ ಅರ್ಜಿ ಕರೆದರೆ ತಾನೇ ಹಾಕುವುದು!

ಇನ್ನು ಭಾಷೆ. ಯುಪಿಎಸ್‌ಸಿ ಮೇನ್ಸ್ ಉತ್ತರವನ್ನು ಕನ್ನಡದಲ್ಲಿ ಬರೆಯಬಹುದು. ಆದರೆ ಜಿಎಸ್ ಪ್ರಶ್ನೆಗಳು ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಪ್ರಿಲಿಮ್ಸ್ ಕೂಡ ಹಾಗೆಯೇ. ಅದರ ಎರಡನೇ ಪೇಪರ್ ಸಿಸ್ಯಾಟ್‌ನಲ್ಲಿ ಶೇ 33 ಅಂಕ ಬಂದರೆ ಸಾಕು ನಿಜ. ಆ ಉದ್ದುದ್ದ ಪ್ಯಾಸೇಜ್‌ಗಳನ್ನು ಎರಡು ಗಂಟೆಯಲ್ಲಿ ಇಂಗ್ಲಿಷಿನಲ್ಲಿ ಓದಿ ಅರ್ಥ ಮಾಡಿಕೊಳ್ಳುವುದು ಪದವಿಯವರೆಗೂ ಕನ್ನಡ ಮಾಧ್ಯಮದಲ್ಲೇ ಕಲಿತವರಿಗೆ ಹುಡುಗಾಟವಲ್ಲ. ಒಳ್ಳೆಯ ನೋಟ್ಸ್, ಟೆಸ್ಟ್ ಸೀರೀಸ್ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಓದಿದ್ದನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದು ಬರೆಯಬೇಕು. ಆ 9 ನಿಮಿಷದಲ್ಲಿ ಇದೂ ಸೇರಿತು. ಮೊದಲ ವರ್ಷ ಪೂರ್ತಿ ಇದಕ್ಕೇ ಹೋಗುತ್ತದೆ. ಹಾಗಿರುವಾಗ ಇಂಗ್ಲಿಷ್ ಮಾಧ್ಯಮದವರಿಗೂ ಕನ್ನಡ ಮಾಧ್ಯಮದವರಿಗೂ ಒಂದೇ ಎರಡು ವರ್ಷ ಎನ್ನುವುದು ಯಾವ ನ್ಯಾಯ?

ಗಡುವು ಬೇಕೇ ಬೇಕೆಂದರೆ ಯುಪಿಎಸ್‌ಸಿ ನಿಯಮದಲ್ಲೇ ಇದೆ. ಸಾಮಾನ್ಯ ವರ್ಗಕ್ಕೆ 32 ವರ್ಷದವರೆಗೆ 6 ಅಟೆಂಪ್ಟ್, ಒಬಿಸಿಗೆ 35ರವರೆಗೆ 9, ಎಸ್‌ಸಿ, ಎಸ್‌ಟಿಯವರಿಗೆ 37ರವರೆಗೆ ಎಷ್ಟಾದರೂ. ನಂದಿನಿ ಅವರ ಹೆಸರು ಹೇಳಿದಿರಿ. ಕನ್ನಡ ಸಾಹಿತ್ಯವನ್ನು ಆಪ್ಷನಲ್ ತೆಗೆದುಕೊಂಡು ಅವರು ಮೊದಲ ರ‍್ಯಾಂಕ್ ಪಡೆದದ್ದು ನಾಲ್ಕನೇ ಪ್ರಯತ್ನದಲ್ಲಿ. 2017ರ ಪರೀಕ್ಷೆಯಲ್ಲಿ ಮೊದಲಿಗರಾದ ಅನುದೀಪ್ ದುರಿಶೆಟ್ಟಿ, 2024ರಲ್ಲಿ ಮೊದಲಿಗರಾದ ಶಕ್ತಿ ದುಬೆ, ಇಬ್ಬರದೂ ಐದನೇ ಪ್ರಯತ್ನ. ಇವರೆಲ್ಲ ಅವೇ ಪುಸ್ತಕಗಳನ್ನು ಮತ್ತೆ ಮತ್ತೆ ಓದಿದವರೇ.

ಮನೆಯವರ ಮುಂದೆ ಗಡುವು ಹೇಳಿಬಿಡಿ ಎನ್ನುವ ಮಾತಂತೂ ಹುಡುಗರನ್ನು ಮಾತ್ರ ನೋಡಿ ಹೇಳಿದ್ದು. ಹುಡುಗ ಎರಡು ವರ್ಷ ಎಂದರೆ ಮನೆಯವರು ಆಮೇಲೆ ಕೆಲಸ ಹುಡುಕು ಎನ್ನುತ್ತಾರೆ. ಹುಡುಗಿ ಹೇಳಿದರೆ ಅವರೇ ಗಂಡು ಹುಡುಕಲು ಶುರು ಮಾಡುತ್ತಾರೆ, ಅದೂ ಎರಡನೇ ವರ್ಷ ಮುಗಿಯುವ ಮೊದಲೇ. ‘ನೀನೇ ಹೇಳಿದ್ದೆಯಲ್ಲಮ್ಮಾ’ ಎಂದರೆ ಅವಳು ಏನು ಉತ್ತರ ಕೊಡಬೇಕು?

ವರ್ಷ ಎಣಿಸುವ ಬದಲು ಅಂಕ ನೋಡಿ. ಕಟ್ ಆಫ್‌ಗೆ ಎಷ್ಟು ದೂರ ಇದ್ದೀರಿ, ಹೋದ ಸಲಕ್ಕಿಂತ ಹತ್ತಿರ ಬಂದಿರಾ, ಪ್ರಿಲಿಮ್ಸ್‌ನಲ್ಲಿ ನಿಂತವರು ಮೇನ್ಸ್‌ವರೆಗೆ ಹೋದಿರಾ? ಹತ್ತಿರವಾಗುತ್ತಿದ್ದರೆ ನಾಲ್ಕನೇ ಸಲವೂ ಬರೆಯಬಹುದು. ಮನಸ್ಸಿಟ್ಟು ಓದಿ, ವಾರಕ್ಕೊಂದು ಟೆಸ್ಟ್ ಬರೆದೂ ಅಂಕ ಇದ್ದಲ್ಲೇ ಇದ್ದರೆ ಎರಡು ವರ್ಷ ತುಂಬುವವರೆಗೆ ಕಾಯುವುದೂ ಬೇಡ.