ಓಟಿಪಿ ಬಂತಾ ಮಗಾ?

ಚಪ್ಪಲಿ ಬಿಡೋಕೆ ಮುಂಚೆಯೇ ಅಮ್ಮ ಚೀಲ ತಂದು ಜಗುಲಿ ಮೇಲಿಟ್ಟಳು.

ತಿಂಡಿ ಚೀಲ ಅಂದುಕೊಂಡು ಕೈ ಹಾಕಿದೆ. ಅದು ತಿಪಟೂರಿನ ಯಾವುದೋ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರು. ಒಳಗೆ ನಮ್ಮ ವಂಶವೇ ಮಡಚಿಕೊಂಡು ಕೂತಿತ್ತು. ಲ್ಯಾಮಿನೇಶನ್ ಮಾಡಿಸಿದ ಆಧಾರ್‌ಗಳು, ಅವುಗಳ ಜೆರಾಕ್ಸು, ಜೆರಾಕ್ಸಿನ ಜೆರಾಕ್ಸು, ಪಹಣಿ, ಪಾಸ್‌ಬುಕ್ಕು, ತಾತನ ಮರಣ ಪತ್ರ, ಯಾವ ಹೊತ್ತಿಗೆ ಬೇಕಾಗುತ್ತೋ ಏನೋ ಅಂತ ಎಲ್ಲರದೂ ನಾಲ್ಕು ನಾಲ್ಕು ಪಾಸ್‌ಪೋರ್ಟ್ ಸೈಜ್ ಫೋಟೋ. ತೀರಿಕೊಂಡು ಎಂಟು ವರ್ಷವಾದ ತಾತನದೂ ನಾಲ್ಕು.

“ಕೈಕಾಲು ತೊಳ್ಕೊಂಡು ಬಾ, ಕಾಫಿ ಇಡ್ತೀನಿ. ಅಷ್ಟ್ರೊಳಗೆ ಅಜ್ಜೀದು ಇ-ಕೆವೈಸಿ ಏನಾಗೈತೆ ನೋಡು.”

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಒಂದು ವಾರದ ರಜೆಗೆ ಬಂದವನು ನಾನು. ಹನ್ನೊಂದಕ್ಕೆ ಏಳಬೇಕು, ರೊಟ್ಟಿ ತಿನ್ನಬೇಕು, ಮತ್ತೆ ಬಿದ್ದುಕೊಳ್ಳಬೇಕು. ಹಾಸ್ಟೆಲಿನ ಸಾರು ಕುಡಿದ ಹುಡುಗನಿಗೆ ಇದಕ್ಕಿಂತ ದೊಡ್ಡ ಆಸೆ ಇರೋದಿಲ್ಲ. ಆದರೆ ನಾನು ಓದ್ತಿರೋದು ಕಂಪ್ಯೂಟರ್ ಸೈನ್ಸು. ಊರವರ ಕಿವಿಗೆ ಅದು ಬಿದ್ದಿರೋದು ಕಂಪ್ಯೂಟರ್ ಸೆಂಟರ್ ಅಂತ.

ವಿಧಾನಸೌಧದಲ್ಲಿ ಯಾರು ಗೆದ್ದು ಕೂತರೂ ಮೊದಲು ಹೇಳೋ ಮಾತು ಒಂದೇ: ಇನ್ನು ಮೇಲೆ ಜನ ಕಚೇರಿಗೆ ಅಲೆಯಬೇಕಿಲ್ಲ, ಸೇವೆಯೆಲ್ಲ ಮನೆ ಬಾಗಿಲಿಗೆ. ಸುಳ್ಳಲ್ಲ, ಸೇವೆ ನಿಜಕ್ಕೂ ಬಾಗಿಲ ತನಕ ಬಂದಿದೆ. ಬಂದು ಹೊಸ್ತಿಲಲ್ಲಿ ನಿಂತು, ಈ ಮನೆಯ ಹುಡುಗ ರಜೆಗೆ ಯಾವಾಗ ಬರ್ತಾನೆ ಅಂತ ಕಾಯುತ್ತೆ. ನನ್ನಂಥವರಿಗೆ ನೇಮಕಾತಿ ಆದೇಶ ಇಲ್ಲ, ಸಂಬಳ ಇಲ್ಲ, ಟಿಎ-ಡಿಎ ಇಲ್ಲ. ಬೆಂಗಳೂರಿಂದ ಬಂದ ಬಸ್ ಚಾರ್ಜೂ ನಂದೇ. ಪಕ್ಕದ ಸೀಟಿನಲ್ಲಿದ್ದ ಕ್ಲಾಸ್‌ಮೇಟ್ ಹುಡುಗಿಗೆ 2023ರ ಜೂನ್ 11ರಿಂದ ಅದೂ ಉಚಿತ, ಕಂಡಕ್ಟರು ಅವಳಿಗೆ ಸೊನ್ನೆ ರೂಪಾಯಿ ಟಿಕೆಟ್ ಹರಿದುಕೊಟ್ಟು ನನ್ನ ಕಡೆ ಕೈ ಚಾಚಿದ. ಅವಳ ಮೇಲೆ ಹೊಟ್ಟೆಕಿಚ್ಚಿಲ್ಲ. ಸುಮ್ಮನೆ ಲೆಕ್ಕಕ್ಕಿರಲಿ ಅಂತ ಹೇಳಿದೆ.

ಮೊದಲ ದಿನ ಅಜ್ಜಿ. ನಮಗಿರೋಳು ಒಬ್ಬಳೇ ಅಜ್ಜಿ, ಕಾಗದದಲ್ಲಿ ಮೂವರು. ಆಧಾರ್‌ನ ಇಂಗ್ಲಿಷಿನಲ್ಲಿ ಅವಳ ‘ಗೌ’ಗೆ ಜಿ, ಓ, ಡಬ್ಲ್ಯೂ, ಪಾಸ್‌ಬುಕ್ಕಲ್ಲಿ ಜಿ, ಎ, ಯು, ರೇಷನ್ ಕಾರ್ಡಲ್ಲಿ ಜಿ, ಓ, ಯು. ಕನ್ನಡದಲ್ಲಿ ಮೂರೂ ಗೌರಮ್ಮನೇ. ಆದರೆ ಹಾಸನ ಜಿಲ್ಲೆ ಗಡಿ ದಾಟಿ ನೋಡದ ಈ ಹೆಂಗಸಿನ ಗುರುತು ತೀರ್ಮಾನ ಆಗೋದು ಅವಳಿಗೆ ಓದೋಕೆ ಬರದ ಭಾಷೆಯಲ್ಲಿ. ಹುಟ್ಟಿದ ದಿನ ಮಾತ್ರ ಮೂರರಲ್ಲೂ ಒಂದೇ, ಜನವರಿ 1. ನಮ್ಮೂರಲ್ಲಿ ಅರವತ್ತು ದಾಟಿದವರೆಲ್ಲ ಜನವರಿ 1ಕ್ಕೇ ಹುಟ್ಟಿದವರು. ಪಾಪ, ಆ ಒಂದು ದಿನ ಸೂಲಗಿತ್ತಿಯ ಪಾಡು ಏನಾಗಿರಬೇಡ! “ಕೆರೆ ಕೋಡಿ ಬಿದ್ದ ವರ್ಷ, ಅವರೇಕಾಯಿ ಸುಗ್ಗೀಲಿ ಹುಟ್ಟಿದ್ದು ಕಣಪ್ಪ” ಅಂತ ಅಜ್ಜಿ ಸರಿಯಾಗೇ ಹೇಳಿದ್ದಳಂತೆ. ಅರ್ಜಿಯಲ್ಲಿ ಕೆರೆ ಕೋಡಿಗೆ ಕಾಲಂ ಇರಲಿಲ್ಲ.

ರೇಷನ್ ಕಾರ್ಡಿನಲ್ಲಿ ಯಜಮಾನಿ ಅವಳೇ. 2023ರ ಆಗಸ್ಟ್ 30ರಂದು ಮೈಸೂರಲ್ಲಿ ಗೃಹಲಕ್ಷ್ಮಿಗೆ ಚಾಲನೆ ಕೊಟ್ಟು, ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಅಂದಾಗ ಅತ್ತೆ-ಸೊಸೆ ಇಬ್ಬರೂ ಎರಡು ದಿನ ಮಾತು ಬಿಟ್ಟಿದ್ದರು. ಈಗ ಒಂದಾಗಿದ್ದಾರೆ. ಹೆಸರಿನ ಅಕ್ಷರ ಕೂಡದೆ ದುಡ್ಡು ನಿಂತಿದೆಯಲ್ಲ, ಬಡಿದಾಡೋಕೆ ಏನೂ ಉಳಿದಿಲ್ಲ.

ಇ-ಕೆವೈಸಿಗೆ, ಅಂದರೆ ಬೆರಳೊತ್ತಿ ನಾನು ನಾನೇ ಅಂತ ಸಾಬೀತು ಮಾಡೋಕೆ, ಅವಳನ್ನ ಕರಕೊಂಡು ನ್ಯಾಯಬೆಲೆ ಅಂಗಡಿಗೆ ಹೋದೆ. ಅಂಗೈ ಅಗಲದ ಕಪ್ಪು ಡಬ್ಬಿ, ಅದರ ತುದಿಯಲ್ಲಿ ಹೆಸರುಕಾಳಿನಷ್ಟು ಕೆಂಪು ದೀಪ. ಅಜ್ಜಿ ಹೆಬ್ಬೆಟ್ಟು ಇಟ್ಟಳು. ಡಬ್ಬಿ ಕೀಂ ಅಂತು.

“ಸೆರಗಿಗೆ ಒರೆಸಿ ಇಡಜ್ಜಿ.”

ಕೀಂ.

“ತಲೆಗೆ ಉಜ್ಜಿ ಇಡಜ್ಜಿ, ಎಣ್ಣೆ ಹತ್ಲಿ.”

ಕೀಂ.

ಎಪ್ಪತ್ತು ವರ್ಷ ರಾಗಿ ಬೀಸಿ, ಬೆರಣಿ ತಟ್ಟಿ, ಹುಣಸೆಹಣ್ಣು ಕುಟ್ಟಿ, ತೆಂಗಿನ ಗರಿ ಸೀಳಿ ಕಡ್ಡಿ ಪೊರಕೆ ಕಟ್ಟಿದ ಹೆಬ್ಬೆಟ್ಟು ಅದು. ಅದರ ಗೆರೆಗಳೆಲ್ಲ ಬೀಸುಕಲ್ಲಿನ ಗೂಟದಲ್ಲೇ ಉಳಿದಿವೆ. ಹತ್ತು ಬೆರಳೂ ಮುಗಿದ ಮೇಲೆ ಅಜ್ಜಿ, “ಕಾಲ್ಬೆಳ್ಳೂ ಇಡ್ಲೇನಪ್ಪ?” ಅಂದಳು. ಅಂಗಡಿಯವರು ನಗಲಿಲ್ಲ. ಬೆಳಿಗ್ಗೆಯಿಂದ ಎಷ್ಟು ಜನ ಹಾಗೆ ಕೇಳಿದ್ದರೋ.

“ರುಜು ಹಾಕ್ತೀನಿ, ಪೆನ್ನು ಕೊಡು.”

“ರುಜು ನಡಿಯಲ್ಲ ಅಜ್ಜಿ. ಹೆಬ್ಬೆಟ್ಟೇ ಬೇಕು.”

ಆಗ ಅಜ್ಜಿಯ ಮುಖ ನೋಡಬೇಕಿತ್ತು. 90ರ ದಶಕದಲ್ಲಿ ಸಾಕ್ಷರತಾ ಆಂದೋಲನ ಅಂತ ಬಂದು, ಲಾಟೀನು ಬೆಳಕಲ್ಲಿ ಕೂರಿಸಿ, ಹೆಬ್ಬೆಟ್ಟು ಒತ್ತೋದು ನಾಚಿಕೆಗೇಡು, ರುಜು ಕಲೀರಿ ಅಂತ ಗೋಗರೆದದ್ದು ಇದೇ ಸರ್ಕಾರ. ಅಜ್ಜಿ ಹಗಲೆಲ್ಲ ತೋಟದಲ್ಲಿ ಗೇದು, ರಾತ್ರಿ ಸ್ಲೇಟು ಹಿಡಿದು, ಮೂರು ತಿಂಗಳು ತಿಣುಕಿ ‘ಗೌರಮ್ಮ’ ಬರೆಯೋದು ಕಲಿತಳು. ಕೊನೆಯ ಮಕ್ಕೆ ಒತ್ತು ಕೊಡುವಾಗ ಈಗಲೂ ನಾಲಿಗೆ ತುದಿ ಹೊರಗೆ ಬರುತ್ತೆ. ಅಷ್ಟು ಕಷ್ಟಪಟ್ಟು ಹೆಬ್ಬೆಟ್ಟಿಂದ ಬಿಡಿಸಿಕೊಂಡವಳಿಗೆ ಈಗ ಹೆಬ್ಬೆಟ್ಟೇ ತಾ ಅಂತಾರೆ. ಅವಳಿಗಷ್ಟೇ ಅಲ್ಲ, ಪಿಎಚ್‌ಡಿ ಮಾಡಿದವರಿಗೂ ಅದೇ ಡಬ್ಬಿ. ನಾಡಿನ ಜನರನ್ನೆಲ್ಲ ಒಂದೇ ಏಟಿಗೆ ಹೆಬ್ಬೆಟ್ಟು ಮಾಡಿದ ಕೀರ್ತಿ ತಂತ್ರಜ್ಞಾನಕ್ಕೆ ಸಲ್ಲಬೇಕು.

ಅಷ್ಟರಲ್ಲಿ ಸರ್ವರ್ ಹೋಯಿತು. ಮನೆಗೆ ಬರುವಾಗ ಅಜ್ಜಿ ಕೇಳಿದಳು: “ಅದ್ಯಾವ ಹೋಟ್ಲು ಸರ್ವರ್ರೋ ಅವ್ನು? ದಿನಾ ಇರಲ್ವಂತೆ. ಯಾಕೆ ಕೆಲಸಕ್ಕೆ ಇಟ್ಕೊಂಡವ್ರೆ?”

ಎರಡನೇ ದಿನಕ್ಕೆ ಸುದ್ದಿ ಹಬ್ಬಿತ್ತು. ಜಗುಲಿ ಮೇಲೆ ಎಂಟು ಜನ. ಒಬ್ಬರಿಗೆ ಪಹಣಿಗೆ ಆಧಾರ್ ಜೋಡಿಸಬೇಕು, ಒಬ್ಬರಿಗೆ ರೈತರ ನೋಂದಣಿಯ ಫ್ರೂಟ್ಸ್ ಐಡಿ, ಇನ್ನೊಬ್ಬರಿಗೆ ಮಗಳ ಜಾತಿ-ಆದಾಯ ಪತ್ರ. ಶುಲ್ಕ ನಿಗದಿ ಮಾಡಿರಲಿಲ್ಲ. ಸಂಜೆಗೆ ಲೆಕ್ಕ ಹಾಕಿದರೆ ಆರು ತೆಂಗಿನಕಾಯಿ, ಒಂದು ಪಡಿ ಅವರೇಕಾಳು, ಮತ್ತು ಬೇಡವೆಂದರೂ ಬಿಡದೆ ಕೊಟ್ಟ ಒಂದು ಹೆಣ್ಣಿನ ಜಾತಕ ಬಂದಿತ್ತು. ಜಾತಕದಲ್ಲಿ ಹುಟ್ಟಿದ ಘಳಿಗೆ ಸಮೇತ ಸರಿಯಾಗಿತ್ತು, ಬೇಕಿದ್ದರೆ ಆಧಾರ್‌ನವರು ನೋಡಿ ಕಲಿಯಬಹುದು.

ಓಟಿಪಿ ಕತೆ ಬೇರೆ. ನಮ್ಮೂರಲ್ಲಿ ನೆಟ್‌ವರ್ಕ್ ಸಿಗೋದು ಓವರ್‌ಹೆಡ್ ಟ್ಯಾಂಕಿನ ಮೆಟ್ಟಿಲ ಮೇಲೆ, ಅದೂ ಏಳನೇ ಮೆಟ್ಟಿಲ ಮೇಲಕ್ಕೆ. 2025ರ ದಸರೆಯಲ್ಲಿ 60 ಪ್ರಶ್ನೆಗಳ ಜಾತಿ ಸಮೀಕ್ಷೆಗೆ ಬಂದ ಮೇಷ್ಟ್ರೂ ಅಲ್ಲೇ ಕೂತಿದ್ದರು. ಆ ಸಮೀಕ್ಷೆಗಾಗಿ ಶಾಲೆಗಳ ದಸರಾ ರಜೆಯನ್ನ ಅಕ್ಟೋಬರ್ 18ರ ತನಕ ಎಳೆದಿದ್ದರಿಂದ, ಮೇಷ್ಟ್ರು ಮೆಟ್ಟಿಲ ಮೇಲೆ, ಮಕ್ಕಳು ಮೆಟ್ಟಿಲ ಕೆಳಗೆ ಲಗೋರಿ ಆಡಿಕೊಂಡು, ಪಾಠ ಒಂದು ಬಿಟ್ಟು ಉಳಿದದ್ದೆಲ್ಲ ನಡೆದಿತ್ತು.

ನಮ್ಮ ಅಜ್ಜಿಯ ಆಧಾರ್‌ಗೆ ಸೇರಿದ್ದು ದಾವಣಗೆರೆಯ ಮಾವನ ನಂಬರು. ಆಧಾರ್ ಕ್ಯಾಂಪ್ ನಡೆದ ದಿನ ಮನೆಯಲ್ಲಿ ಮೊಬೈಲ್ ಇದ್ದದ್ದು ಊಟಕ್ಕೆ ಬಂದಿದ್ದ ಅವರ ಹತ್ತಿರ ಮಾತ್ರ. ಟ್ಯಾಂಕು ಹತ್ತಿ ಫೋನ್ ಮಾಡಿದೆ. ಮಾವ ಸಿಕ್ಕರು.

“ಮಾವ, ಒಂದು ಓಟಿಪಿ ಬಂದಿದೆಯಾ?”

“ಬಂದೈತೆ.”

“ಹೇಳಿ ಮಾವ, ಹತ್ತೇ ನಿಮಿಷ ಟೈಮಿರೋದು.”

“ಯಾರಿಗೂ ಹೇಳ್ಬೇಡಿ ಅಂತ ಬರ್ದವ್ರಲ್ಲೋ.”

“ನಾನು ಮಾವ, ನಿಮ್ಮ ಅಳಿಯ!”

“ಹಂಗೇ ಅಂತಾರಂತೆ. ನಿಮ್ಮಮ್ಮನ ತವರಿನ ಹಸು ಹೆಸರೇನು ಹೇಳು ನೋಡಾಣ.”

ಹಸುವಿನ ಹೆಸರು ಅಮ್ಮನಿಗೆ ಗೊತ್ತು, ಅಮ್ಮ ಕೆಳಗಿದ್ದಾಳೆ. ನಾನು ಇಳಿದು, ಕೇಳಿಕೊಂಡು, ಹತ್ತಿ, ‘ಕೌಲಿ’ ಅನ್ನುವಷ್ಟರಲ್ಲಿ ಹತ್ತು ನಿಮಿಷ ಆಗಿತ್ತು. ಆದರೂ ಒಪ್ಪಬೇಕು, ಇಡೀ ವಾರದಲ್ಲಿ ನಾನು ಕಂಡ ಅತಿ ಭದ್ರವಾದ ದೃಢೀಕರಣ ವ್ಯವಸ್ಥೆ ಅಂದರೆ ನಮ್ಮ ಮಾವ.

ಅಪ್ಪ ಇದ್ಯಾವುದಕ್ಕೂ ತಲೆ ಕೆಡಿಸಿಕೊಂಡವರಲ್ಲ. ಅವರ ಹಳೇ ಟಿವಿಎಸ್ ಎಕ್ಸೆಲ್‌ಗೆ ಇನ್ನೂ ಸುಣ್ಣದಲ್ಲಿ ಬರೆದಂಥ ನಂಬರೇ ಇದೆ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಗಳಿಗೆಲ್ಲ ಎಚ್‌ಎಸ್‌ಆರ್‌ಪಿ ಅನ್ನೋ ಹೊಸ ನಂಬರ್ ಪ್ಲೇಟು ಹಾಕಿಸಿ, 2023ರ ನವೆಂಬರ್ 17 ಕಡೇ ದಿನ ಅಂದರು. ಹೆದರಿದವರು ಓಡಿಹೋಗಿ ಬುಕ್ ಮಾಡಿದರು. ಕಡೇ ದಿನ 2024ರ ಫೆಬ್ರವರಿ 17 ಆಯಿತು, ಮೇ 31 ಆಯಿತು, ಮುಂದಕ್ಕೂ ಜರುಗುತ್ತಲೇ ಹೋಯಿತು. “ನಮ್ಮ ಮಾರಮ್ಮನ ಹಬ್ಬಕ್ಕಾದ್ರೂ ತಾರೀಕು ಗಟ್ಟಿ ಕಣ್ಲಾ” ಅಂತಾರೆ ಅಪ್ಪ. ಅವರು ಸೋತದ್ದು ಒಂದೇ ಕಡೆ. ಪ್ಯಾನ್-ಆಧಾರ್ ಜೋಡಣೆ 2022ರ ಜೂನ್ 30ರೊಳಗೆ ಆಗದ್ದಕ್ಕೆ ಸಾವಿರ ರೂಪಾಯಿ ಕಟ್ಟಬೇಕಾಯಿತು. ಪ್ಯಾನ್ ಕೊಟ್ಟದ್ದೂ ಸರ್ಕಾರವೇ, ಆಧಾರ್ ಕೊಟ್ಟದ್ದೂ ಸರ್ಕಾರವೇ, ಎರಡಕ್ಕೂ ಗಂಟು ಹಾಕದ ತಪ್ಪು ಮಾತ್ರ ನಮ್ಮಪ್ಪನದು.

ಗುರುವಾರ ಪಕ್ಕದ ಮನೆಯ ದೊಡ್ಡಪ್ಪನ ಬೆಳೆ ಸಮೀಕ್ಷೆ. ಅವರ ತೋಟದ ನಟ್ಟನಡುವೆ, ಐವತ್ತು ವರ್ಷದ ತೆಂಗಿನ ಮರ ತಬ್ಬಿಕೊಂಡು ನಿಂತು ಫೋಟೋ ತೆಗೆಯಲು ಹೋದರೆ, ನೀವು ಸರ್ವೆ ನಂಬರಿನ ಹೊರಗಿದ್ದೀರಿ ಅಂತು ಮೊಬೈಲು. ನಾಲ್ಕು ಹೆಜ್ಜೆ ಪೂರ್ವಕ್ಕೆ ಹೋದೆ, ಎಂಟು ಹೆಜ್ಜೆ ಉತ್ತರಕ್ಕೆ ಹೋದೆ. ಕೊನೆಗೆ ಬದು ದಾಟಿ, ಅವರ ದಾಯಾದಿಯ ಹೊಲದಲ್ಲಿ ನಿಂತಾಗ ಹಸಿರು ಗುರುತು ಬಂತು. ಬೇಲಿಯಾಚೆಯಿಂದ ದಾಯಾದಿ ನೋಡುತ್ತಿದ್ದರು. ಆ ಬದುವಿನ ಮೇಲೆ ಕೋರ್ಟಲ್ಲಿ ಕೇಸಿದೆ. ಇಷ್ಟು ವರ್ಷ ಲಾಯರಿಗೆ ಸಿಗದ ಸಾಕ್ಷಿ ಉಪಗ್ರಹದಿಂದ ಬಂತು ಅಂತ ದೊಡ್ಡಪ್ಪ ಫೋಟೋ ಪ್ರಿಂಟ್ ಹಾಕಿಸಿಕೊಡು ಅಂದರು. ನಾನು ಮೊಬೈಲು ಚಾರ್ಜಿಲ್ಲ ಅಂತ ತಪ್ಪಿಸಿಕೊಂಡೆ.

ಇಷ್ಟರ ನಡುವೆ ನನ್ನದೇ ಒಂದು ಅರ್ಜಿ ಇತ್ತು, ವಿದ್ಯಾರ್ಥಿವೇತನದ್ದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಹೆಸರಿನ ಮುಂದೆ. ಊರಿಗೆಲ್ಲ ಬುದ್ಧಿ ಹೇಳೋ ಕಂಪ್ಯೂಟರ್ ಸೆಂಟರು ತಾನೇ ತಿರಸ್ಕೃತವಾಗಿ ಕೂತಿದೆ. ಸರಿಮಾಡಿಸಲು ಹೋದ ಕಚೇರಿಯ ಗೋಡೆ ಮೇಲೆ ಸಕಾಲ ಯೋಜನೆಯ ಹಳೇ ಬೋರ್ಡು: ‘ಇಂದು, ನಾಳೆ ಇನ್ನಿಲ್ಲ, ಹೇಳಿದ ದಿನ ತಪ್ಪೊಲ್ಲ’. ಕಿಟಕಿಯಲ್ಲಿದ್ದವರು ಸೋಮವಾರ ಬನ್ನಿ ಅಂದರು. ನನ್ನ ರಜೆ ಭಾನುವಾರಕ್ಕೆ ಮುಗಿಯುತ್ತೆ ಸರ್ ಅಂದೆ. “ಹಂಗಾದ್ರೆ ಮುಂದಿನ ರಜೇಲಿ ಬನ್ನಿ” ಅಂದರು, ಬಹಳ ಪ್ರೀತಿಯಿಂದಲೇ.

ಭಾನುವಾರ ಬಸ್ಸು ಹತ್ತಿದೆ. ಬ್ಯಾಗಲ್ಲಿ ಚಟ್ನಿಪುಡಿ, ಕೊಬ್ಬರಿ ಮಿಠಾಯಿ, ಹುರಿಗಾಳು, ಅದರ ತಳದಲ್ಲಿ ಹನ್ನೊಂದು ಜನರ ಆಧಾರ್ ಜೆರಾಕ್ಸು. ಯಾರ ನಂಬರಿಗೂ ನೆಚ್ಚಿಕೆಯಿಲ್ಲ ಅಂತ ಅರ್ಧ ಊರು ತಮ್ಮ ಅರ್ಜಿಗಳಲ್ಲಿ ನನ್ನ ನಂಬರನ್ನೇ ಬರೆಸಿಕೊಂಡಿದೆ. ಕೆ.ಬಿ. ಕ್ರಾಸ್ ದಾಟಿ ಮೊಬೈಲಿಗೆ ಜೀವ ಬಂದದ್ದೇ, ವಾರದಿಂದ ದಾರಿಯಲ್ಲಿ ಎಲ್ಲೋ ಮಲಗಿದ್ದ ಓಟಿಪಿಗಳೆಲ್ಲ ಒಂದರ ಹಿಂದೊಂದು ಇಳಿದವು. ಆರಾರು ಅಂಕಿಯ ಹದಿನಾಲ್ಕು. ಯಾವುದು ಯಾರದ್ದೋ, ಯಾವುದಕ್ಕೂ ಹೆಸರಿಲ್ಲ, ಎಲ್ಲದರ ಅವಧಿಯೂ ಮುಗಿದಿದೆ. ಪಕ್ಕದ ಸೀಟಿನ ಹಿರಿಯರು ಅನುಮಾನದಿಂದ ನೋಡಿ, ತಮ್ಮ ಜೇಬು ಮುಟ್ಟಿ ನೋಡಿಕೊಂಡರು.

ನಿಟ್ಟೂರು ಹೋಯಿತು. ಫೋನು ಬಡಿದುಕೊಂಡಿತು. ಅಮ್ಮ, ಏದುಸಿರು ಬಿಡುತ್ತಿದ್ದಳು. ಟ್ಯಾಂಕು ಹತ್ತಿದ್ದಳು ಅಂತ ಕಾಣುತ್ತೆ.

“ಎಲ್ಲಿದೀಯೋ? ರೇಷನ್ ಅಂಗಡಿಗೆ ಸರ್ವರ್ ಬಂದೈತಂತೆ!”

“ಗುಬ್ಬಿ ಹತ್ರ ಅಮ್ಮ.”

ಹಿಂದಿನಿಂದ ಅಜ್ಜಿಯ ದನಿ ಕೇಳಿತು: “ಎಲ್ಲಿಗೂ ಹೋಗ್ಬ್ಯಾಡ ಅಂತ ಅವ್ನ ಕೂರ್ಸ್ಕೊಳ್ಳೋಕೆ ಹೇಳು. ಕೈ ತೊಳ್ಕೊಂಡು ಬಂದೆ.”