‘ನಾನೇ’ಯಿಂದ ‘ಎತ್ಕೋ’ವರೆಗೆ

ಹನ್ನೊಂದು ಗಂಟೆಗೆ ಡಾಕ್ಟರ ಅಪಾಯಿಂಟ್‌ಮೆಂಟ್. ಕ್ಲಿನಿಕ್‌ಗೆ ನಡೆದರೆ ಹತ್ತು ನಿಮಿಷದ ದಾರಿ. ನಾನು ಎಂಟೂವರೆಗೇ ಹೊರಡಲು ಶುರುಮಾಡಿದೆ. ಹೊರಟೆ ಅಲ್ಲ, ಹೊರಡಲು ಶುರುಮಾಡಿದೆ. ಇವೆರಡೂ ಬೇರೆ ಬೇರೆ ಅಂತ ಎರಡನೇ ಮಗು ಹುಟ್ಟುವವರೆಗೆ ನನಗೆ ಗೊತ್ತಿರಲಿಲ್ಲ.

ಚಿಕ್ಕವನಿಗೆ ಆರು ವಾರ. ದೊಡ್ಡವಳಿಗೆ ಎರಡು ವರ್ಷ ತುಂಬಿ ಮೂರು ತಿಂಗಳು. ಬೆಳಗ್ಗೆ ಆಫೀಸಿಗೆ ಹೊರಟ ನಮ್ಮ ಮನೆಯವರು, “ಅರ್ಧ ದಿನ ರಜೆ ಹಾಕಲಾ?” ಅಂತ ಕೇಳಿದ್ದರು. “ಬೇಡ ಬಿಡಿ, ಒಂದು ಲಸಿಕೆ ಹಾಕಿಸಿಕೊಂಡು ಬರೋದು ತಾನೇ” ಅಂದಿದ್ದೆ. ಅವರು ಎರಡನೇ ಸಲ ಕೇಳಲಿಲ್ಲ. ಈ ಗಂಡಸರು ಇಂಥ ಹೊತ್ತಲ್ಲಿ ಮಾತ್ರ ಹೆಂಡತಿಯ ಮಾತನ್ನು ಪೂರ್ತಿ ನಂಬುತ್ತಾರೆ.

ಹಸುಗೂಸಿನ ಜೊತೆ ಹೊರಗೆ ಹೋಗುವುದಕ್ಕೆ ಮೊದಲು ಬೇಕಾಗಿರುವುದು ಗಣಿತ. ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುವ ಜೀವ ಅದು. ಅಂದರೆ ಎರಡು ಮೂರು ಗಂಟೆಗೊಮ್ಮೆ. ಸರಿ, ನಡುವೆ ಎರಡು ಗಂಟೆ ಬಿಡುವು ಸಿಕ್ಕಿತಲ್ಲ ಅಂತ ಯಾರಾದರೂ ಅಂದುಕೊಳ್ಳಬಹುದು. ಮೋಸ ಇರುವುದೇ ಅಲ್ಲಿ. ಆ ಗಂಟೆಗಳನ್ನು ಎಣಿಸುವುದು ಕುಡಿಯಲು ಶುರುಮಾಡಿದಾಗಿನಿಂದ, ಮುಗಿಸಿದ ಮೇಲಲ್ಲ. ನಮ್ಮ ಸಾಹೇಬರು ಕುಡಿಯುವುದಕ್ಕೆ ನಲವತ್ತು ನಿಮಿಷ. ನಡುವೆ ನಿದ್ದೆ ಬೇರೆ. ಆಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಬೇಕು. ತೇಗಿನ ಜೊತೆ ಒಂದಿಷ್ಟು ಹಾಲು ನನ್ನ ಬೆನ್ನ ಮೇಲೆ ವಾಪಸ್ ಬರುತ್ತದೆ. ನಾನು ಬಟ್ಟೆ ಬದಲಾಯಿಸಬೇಕು. ಕೊನೆಗೆ ನನ್ನ ಪಾಲಿಗೆ ಉಳಿಯುವುದು ಹೆಚ್ಚೆಂದರೆ ಒಂದು ಗಂಟೆ. ಅಷ್ಟರಲ್ಲೇ ಹೋಗಬೇಕು, ಬರಬೇಕು.

ಹತ್ತು ಗಂಟೆಗೆ ಕುಡಿಸಿ ಮುಗಿಸಿದೆ. ಲೆಕ್ಕ ಪಕ್ಕಾ ಇತ್ತು. ಲೆಕ್ಕಕ್ಕೆ ಸಿಗದವಳು ಇನ್ನೊಬ್ಬಳಿದ್ದಳು.

ನನ್ನ ಮಗಳಿಗೆ ಮಾತು ಚೆನ್ನಾಗಿ ಬರುತ್ತದೆ. ಆದರೆ ಹೊರಗೆ ಹೋಗುವ ದಿನ ಅವಳು ಬಳಸುವುದು ಎರಡೇ ಪದ. ಮನೆಯೊಳಗಿದ್ದಾಗ ‘ನಾನೇ’. ರಸ್ತೆಗೆ ಬಿದ್ದಮೇಲೆ ‘ಎತ್ಕೋ’. ಅವಸರ ಇದ್ದಾಗ ಎಲ್ಲವನ್ನೂ ತಾನೇ ಮಾಡಬೇಕು. ಅವಳು ನಿಜವಾಗಿ ಮಾಡಬಲ್ಲ ಒಂದೇ ಕೆಲಸ, ಅಂದರೆ ನಡೆಯುವುದು, ಅದನ್ನು ಮಾತ್ರ ನಾನು ಮಾಡಬೇಕು.

“ಶೂ ಹಾಕ್ತೀನಿ ಬಾ ಪುಟ್ಟಿ.”

“ನಾನೇ!”

ಹಾಕಿಕೊಂಡಳು. ಎಡಗಾಲಿನದು ಬಲಗಾಲಿಗೆ. ನಾನು ಸುಮ್ನೆ ನೋಡಿದೆ, ಅಷ್ಟೇ. ಏನೂ ಅನ್ನಲಿಲ್ಲ. ನೋಡಿದ್ದೇ ತಪ್ಪಾಯಿತು. ಎರಡನ್ನೂ ಬಿಚ್ಚಿ, ಕಾಲುಚೀಲವನ್ನೂ ಕಿತ್ತು, ಮೊದಲಿನಿಂದ ಶುರುಮಾಡಿದಳು. ಈ ಸಲ ಬಲಗಾಲಿನದು ಎಡಗಾಲಿಗೆ. ಅವಳ ಹಠಕ್ಕಿಂತ ನನಗೆ ಆಶ್ಚರ್ಯ ಆಗಿದ್ದು ಇದು. ಇರುವುದು ಎರಡೇ ಕಾಲು, ಎರಡೇ ಶೂ. ಕಣ್ಣು ಮುಚ್ಚಿ ಹಾಕಿದರೂ ಅರ್ಧದಷ್ಟು ಸಲ ಸರಿ ಬರಬೇಕು ಅಲ್ವಾ? ಬರುವುದಿಲ್ಲ. ತಿಂಗಳಿಂದ ನೋಡುತ್ತಿದ್ದೇನೆ, ಒಂದು ದಿನವೂ ಬಂದಿಲ್ಲ. ಉಲ್ಟಾ ಶೂನಲ್ಲೇ ಹೋಗೋಣ ಅಂದೆ. ಅವಳ ನಡಿಗೆ ಹೇಗಿದ್ದರೂ ಬಾತುಕೋಳಿಯದೇ.

ಚಿಕ್ಕವನನ್ನು ಎದೆಗೆ ಕಟ್ಟಿಕೊಳ್ಳುವ ಚೀಲಕ್ಕೆ ಇಳಿಸಿದೆ. ಮುಖ ಕಾಣುತ್ತಿರಬೇಕು, ಅವನ ಗದ್ದ ಅವನದೇ ಎದೆಗೆ ಒತ್ತಬಾರದು, ನಾನು ತಲೆ ಬಗ್ಗಿಸಿದರೆ ಮುತ್ತು ಕೊಡುವಷ್ಟು ಹತ್ತಿರ ಇರಬೇಕು. ಎಲ್ಲ ನೋಡಿಕೊಂಡು ಕೊನೆಯ ಬಕಲ್ ‘ಟಕ್’ ಅಂದಿತು. ಅದರ ಹಿಂದೆಯೇ ಚೀಲದೊಳಗಿಂದ ಇನ್ನೊಂದು ಸದ್ದು. ಹಾಲು ಹೊಟ್ಟೆಗೆ ಇಳಿದರೆ ಕರುಳು ಎಚ್ಚರಾಗುತ್ತದೆ ಅಂತ ಓದಿದ್ದೆ. ಅದು ಬಕಲ್ ಸದ್ದಿಗೂ ಎಚ್ಚರಾಗುತ್ತದೆ ಅಂತ ಯಾರೂ ಬರೆದಿರಲಿಲ್ಲ.

ಬಿಚ್ಚಿ ನೋಡಿದರೆ ಡೈಪರ್ ಮಾತ್ರ ಹೆಚ್ಚುಕಮ್ಮಿ ಸ್ವಚ್ಛವಾಗಿತ್ತು. ಸರಕೆಲ್ಲ ಬೆನ್ನು ಹತ್ತಿ ಕತ್ತಿನ ತನಕ ಹೋಗಿತ್ತು. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ. ಹಸುಗೂಸಿನ ಅಂಗಿಗಳಲ್ಲಿ ಹೆಗಲ ಹತ್ತಿರ ಒಂದರ ಮೇಲೊಂದು ಬರುವ ಮಡಿಕೆ ಇರುತ್ತದಲ್ಲ, ಅದು ಅಂದಕ್ಕೆ ಇಟ್ಟಿದ್ದಲ್ಲ. ಕತ್ತನ್ನು ಅಗಲ ಮಾಡಿ ಅಂಗಿಯನ್ನು ಕೆಳಗೆ, ಕಾಲಿನ ಕಡೆಯಿಂದ ಎಳೆದು ತೆಗೆಯಬಹುದು. ತಲೆ ಮೇಲಿಂದ ತೆಗೆಯಬೇಕಾಗಿಲ್ಲ. ಮೊದಲನೆಯವಳಿಗೆ ವರ್ಷ ತುಂಬುವವರೆಗೂ ನಾನು ಇದನ್ನು ತಿಳಿಯದೆ, ಪಾಪ, ಅವಳ ಕೂದಲಿಗೆಲ್ಲ ಬಳಿದಿದ್ದೆ.

ಅವನ ಬಟ್ಟೆ ಬದಲಾಯಿಸಿ ಏಳುವಷ್ಟರಲ್ಲಿ ಮಗಳು ಶೂ ಬಿಚ್ಚಿದ್ದಳು.

ಹತ್ತೂ ಮುಕ್ಕಾಲಿಗೆ ಬಾಗಿಲ ಹೊರಗೆ ಬಂದೆವು. ಬೀಗ ಹಾಕಬೇಕು. “ನಾನೇ!” ಹಾಕಿದಳು ಅಂದರೆ ನಾನೇ ಹಾಕಿದೆ, ಅವಳ ಕೈ ಬೀಗದ ಕೈ ಮೇಲಿತ್ತು. ಆಮೇಲೆ ಅದನ್ನು ವಾಪಸ್ ಕೊಡಲಿಲ್ಲ. ಮುಷ್ಟಿಯಲ್ಲೇ ಇಟ್ಟುಕೊಂಡಳು. ಬೀಳಿಸಿದರೆ ಸದ್ದು ಬರುತ್ತದೆ ಬಿಡು ಅಂತ ನಾನೂ ಸುಮ್ಮನಾದೆ.

ನನ್ನ ಯೋಜನೆ ಹೀಗಿತ್ತು. ಚಿಕ್ಕವನು ಎದೆಯ ಮೇಲೆ, ದೊಡ್ಡವಳು ಸ್ಟ್ರೋಲರ್‌ನಲ್ಲಿ, ಬ್ಯಾಗು ಕೆಳಗಿನ ಬುಟ್ಟಿಯಲ್ಲಿ. ಹತ್ತು ನಿಮಿಷ, ಬೇಗ ಬೇಗ ನಡೆದರೆ ಎಂಟು. ಮಗಳು ಸ್ಟ್ರೋಲರ್ ನೋಡಿದಳು. “ನಾನೇ ತಳ್ತೀನಿ” ಅಂದಳು.

ಪುಟ್ಟ ಮಕ್ಕಳು ಎಷ್ಟು ನಡೆಯುತ್ತಾರೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞೆ ಕರೆನ್ ಅಡಾಲ್ಫ್ ಮತ್ತು ಅವರ ಜೊತೆಯವರು ಎಣಿಸಿದ್ದಾರೆ. 2012ರಲ್ಲಿ ಬಂದ ಆ ಅಧ್ಯಯನದ ಪ್ರಕಾರ, 12ರಿಂದ 19 ತಿಂಗಳ ಮಕ್ಕಳು ಆಡಿಕೊಂಡಿರುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಹಾಕುತ್ತಾರೆ, 17 ಸಲ ಬೀಳುತ್ತಾರೆ, ಸುಮಾರು 700 ಮೀಟರ್ ಸುತ್ತುತ್ತಾರೆ. ನಮ್ಮ ಕ್ಲಿನಿಕ್ ಕೂಡ ಮನೆಯಿಂದ ಅಷ್ಟೇ ದೂರ. ನನ್ನ ಮಗಳು ಆ ಮಕ್ಕಳಿಗಿಂತ ದೊಡ್ಡವಳು, ಬೀಳುವುದೂ ಕಡಿಮೆ. ಆದರೂ ಒಂದು ಗಂಟೆ ಬೇಕೇ ಬೇಕು ಅಂತ ಆವತ್ತು ನನಗೆ ಖಾತ್ರಿಯಾಯಿತು. ಅದೂ ಅವಳು ಒಂದೇ ದಿಕ್ಕಿಗೆ ನಡೆದರೆ.

ನಡೆಯಲಿಲ್ಲ. ನಾಲ್ಕನೇ ನಿಮಿಷಕ್ಕೆ ಇರುವೆ ಸಾಲು ಸಿಕ್ಕಿತು.

ಸ್ಟ್ರೋಲರ್ ಬಿಟ್ಟು ಕುಕ್ಕರಗಾಲಲ್ಲಿ ಕೂತಳು. ನಾನು ನಿಂತೆ. ನಿಂತ ತಕ್ಷಣ ಎದೆ ಮೇಲಿದ್ದವನು ಕಣ್ಣು ಬಿಟ್ಟು, ಮುಖ ಕೆಂಪು ಮಾಡಿ, ಅಳಲು ಉಸಿರು ಎಳೆದುಕೊಂಡ. ಎರಡು ಹೆಜ್ಜೆ ಹಾಕಿದೆ, ಸುಮ್ಮನಾದ. ನಿಂತೆ, ಮತ್ತೆ ಕೆಂಪು. ಅಳುವ ಮಗುವನ್ನು ಎತ್ತಿಕೊಂಡು ಐದು ನಿಮಿಷ ಎಡೆಬಿಡದೆ ನಡೆದರೆ ಅದು ಶಾಂತವಾಗುತ್ತದೆ, ನಿದ್ದೆಯನ್ನೂ ಮಾಡಬಹುದು ಅಂತ ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆಯವರು 2022ರಲ್ಲಿ ಹೇಳಿದ್ದಾರೆ. ನಿದ್ದೆ ಬಂದಮೇಲೂ ತಕ್ಷಣ ಮಲಗಿಸಬಾರದು, ಇನ್ನೂ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂತಿರಬೇಕಂತೆ. ಒಳ್ಳೆಯ ಸಲಹೆ. ಆದರೆ ಎಡೆಬಿಡದೆ ನಡೆಯಬೇಕು ಅಂದವರು, ಪಕ್ಕದಲ್ಲಿ ಇರುವೆ ನೋಡುವ ಅಕ್ಕ ಇದ್ದರೆ ಏನು ಮಾಡಬೇಕು ಅಂತಲೂ ಹೇಳಬೇಕಿತ್ತು.

ಒಬ್ಬನಿಗೆ ನಿಂತರೆ ಆಗದು, ಇನ್ನೊಬ್ಬಳಿಗೆ ನಡೆದರೆ ಆಗದು. ನಾನು ಮಗಳ ಸುತ್ತ ಪ್ರದಕ್ಷಿಣೆ ಶುರುಮಾಡಿದೆ. ಒಂದು, ಎರಡು, ಏಳು, ಹದಿನೈದು. ನಡುವೆ ಗರ್ಭಗುಡಿಯ ದೇವರ ಹಾಗೆ ಅವಳು, ಅಲುಗಾಡುವಂತಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ನಿಂತು ನೋಡಿ, “ಏನಮ್ಮ, ಏನಾದ್ರೂ ಕಳೀತಾ?” ಅಂದರು. ಏನೇನು ಅಂತ ಹೇಳಲಿ? “ಇಲ್ಲ ಸರ್” ಅಂದು ಹದಿನಾರನೇ ಸುತ್ತಿಗೆ ಹೊರಟೆ.

ಇರುವೆಗಳು ಗೋಡೆ ಹತ್ತಿದ ಮೇಲೆ ಅವಳು ಎದ್ದು, ಎರಡೂ ಕೈ ಮೇಲೆತ್ತಿ, ಆ ಇನ್ನೊಂದು ಪದ ಹೇಳಿದಳು. ಸ್ಟ್ರೋಲರ್ ಇದೆಯಲ್ಲ ಪುಟ್ಟಿ? ಬೇಡ. ತಮ್ಮ ಎದೆ ಮೇಲಿದ್ದಾನೆ, ತನಗೂ ಎದೆಯೇ ಬೇಕು. ನ್ಯಾಯ ಅವಳ ಕಡೆಗಿತ್ತು, ಎದೆ ಮಾತ್ರ ಒಂದೇ ಇತ್ತು. ಹನ್ನೆರಡು ಕಿಲೋ ಸೊಂಟಕ್ಕೆ ಬಂತು. ಐದು ಕಿಲೋ ಎದೆಯಲ್ಲಿತ್ತು. ಖಾಲಿ ಸ್ಟ್ರೋಲರ್ ಅನ್ನು ಹೊಟ್ಟೆಯಿಂದ ತಳ್ಳುತ್ತಾ ಹೋದೆ.

ಕ್ಲಿನಿಕ್ ಬಾಗಿಲಲ್ಲಿ ಮೆಟ್ಟಿಲು. ಸ್ಟ್ರೋಲರ್ ಮಡಚಬೇಕು. ಛತ್ರಿಯ ಹಾಗೆ ಮಡಚುವ ಸ್ಟ್ರೋಲರ್ ಕಂಡುಹಿಡಿದವರು ಓವೆನ್ ಮಕ್ಲಾರೆನ್ ಅನ್ನುವ ವಿಮಾನ ಎಂಜಿನಿಯರ್, ಪೇಟೆಂಟಿಗೆ ಅರ್ಜಿ ಹಾಕಿದ್ದು 1965ರಲ್ಲಿ. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರದ ಕೆಲಸ ಮಾಡಿದ್ದವರು. ಇದು ಗೊತ್ತಾದ ಮೇಲೆ ನನಗೆ ನನ್ನ ಮೇಲೆ ಸ್ವಲ್ಪ ಮರ್ಯಾದೆ ಬಂತು. ನನ್ನದು ಬೇರೆಯದೇ ಸ್ಟ್ರೋಲರ್, ಆದರೆ ಮಡಚಲು ಬಾರದಿದ್ದರೆ ಅದು ನನ್ನ ದಡ್ಡತನ ಅಲ್ಲ, ಪೈಲಟ್ ಲೈಸೆನ್ಸ್ ಇಲ್ಲದ್ದು, ಅಷ್ಟೇ. ಮಡಚದೆ ಎತ್ತಿಕೊಂಡೇ ಹತ್ತಿದೆ.

ಒಳಗೆ ನಲವತ್ತು ನಿಮಿಷ ತಡವಾಗಿದ್ದಕ್ಕೆ ಇನ್ನೂ ನಲವತ್ತು ನಿಮಿಷ ಕಾಯಿಸಿದರು. ಲಸಿಕೆ ಹಾಕಿಸಿಕೊಂಡವನು ಅರ್ಧ ನಿಮಿಷ ಅತ್ತ. ನೋಡಿದವಳು ಹತ್ತು ನಿಮಿಷ ಅತ್ತಳು. ಅಲ್ಲೇ ಒಂದು ಮೂಲೆಯಲ್ಲಿ ಹಾಲು ಕುಡಿಸಿ ಹೊರಟೆ.

ವಾಪಸ್ ಬರುವಾಗ ಪವಾಡ ನಡೆಯಿತು. ಅತ್ತು ಸುಸ್ತಾದ ಮಗಳು ತಾನಾಗಿಯೇ ಸ್ಟ್ರೋಲರ್ ಹತ್ತಿದಳು, ಎರಡು ನಿಮಿಷದಲ್ಲಿ ನಿದ್ದೆ ಹೋದಳು. ಚಿಕ್ಕವನೂ ಮಲಗಿದ. ಇಬ್ಬರೂ ಒಟ್ಟಿಗೆ. ಆರು ವಾರದಲ್ಲಿ ಇದೇ ಮೊದಲು. ಉಸಿರು ಬಿಗಿಹಿಡಿದು ಮನೆ ಬಾಗಿಲವರೆಗೆ ಬಂದೆ. ಒಳಗೆ ಹೋಗಿ ಒಂದು ಲೋಟ ನೀರು ಕುಡಿಯಬೇಕು, ಕೂತುಕೊಂಡು. ಅಷ್ಟೇ ಆಸೆ.

ಬ್ಯಾಗಿಗೆ ಕೈ ಹಾಕಿದೆ. ಆಮೇಲೆ ನೆನಪಾಯಿತು.

ಬೀಗದ ಕೈ ಅವಳ ಮುಷ್ಟಿಯಲ್ಲಿತ್ತು. ಮುಷ್ಟಿ ಅವಳ ಕೆನ್ನೆಯ ಕೆಳಗಿತ್ತು. ಮೆಲ್ಲಗೆ ಒಂದು ಬೆರಳು ಬಿಡಿಸಿದೆ. ನಿದ್ದೆಯಲ್ಲೇ “ನಾನೇ” ಅಂದು ಇನ್ನೂ ಗಟ್ಟಿ ಹಿಡಿದಳು. ನಾನು ನಿಂತಿದ್ದಕ್ಕೆ ಎದೆ ಮೇಲಿದ್ದವನ ಮುಖ ಕೆಂಪಾಗತೊಡಗಿತು.

ಸ್ಟ್ರೋಲರ್ ಸುತ್ತ ಪ್ರದಕ್ಷಿಣೆ ಶುರುಮಾಡಿದೆ. ನಾಲ್ಕನೇ ಸುತ್ತಿಗೆ ಪಕ್ಕದ ಮನೆಯ ಆಂಟಿ ಬಾಗಿಲು ತೆಗೆದರು. ಬೀಗ ಹಾಕಿದ ಬಾಗಿಲು, ಬ್ಯಾಗು, ಎರಡು ಮಕ್ಕಳನ್ನು ನೋಡಿ ನಕ್ಕರು.

“ಏನಮ್ಮ, ಎಲ್ಲಿಗೋ ಹೊರಟ ಹಾಗಿದೆ?”

“ಹೌದು ಆಂಟಿ” ಅಂದೆ, ಪಿಸುಮಾತಲ್ಲಿ.