ಸೊಟ್ಟ ಮರಾನೂ ಕಾಡೇ

ಆಫ್ರಿಕಾದ ಜಾಂಬಿಯಾ ದೇಶದ ಉತ್ತರ ಭಾಗದಲ್ಲಿ, ಕಸಾಮಾ ಅನ್ನೋ ಊರಿನ ಸುತ್ತಮುತ್ತ ಬೆಂಬಾ ಭಾಷೆ ಆಡೋರದ್ದೊಂದು ಗಾದೆ ಇದೆ, ‘ಇಮಿಟಿ ಇಕುಲ ಎಂಪಂಗ’. ಬೆಳೀತಾ ಇರೋ ಮರಗಳೇ ಕಾಡು, ಅಷ್ಟೇ. ಚಿಕ್ಕೋರು ಅಂತ ಕಡೆಗಣಿಸ್ಬೇಡಿ, ನಾಳೆ ಊರು ಅಂದ್ರೆ ಅವರೇ ಅನ್ನೋಕೆ ದೊಡ್ಡೋರು ಹೇಳ್ತಾರೆ, ಮೇಷ್ಟ್ರುಗಳು ಹೇಳ್ತಾರೆ, ಹುಡುಗರ ಓಟು ಬೇಕಾದಾಗ ರಾಜಕಾರಣಿಗಳೂ ಹೇಳ್ತಾರೆ (ಅದು ಎಲ್ಲಾ ಕಡೆ ಒಂದೇ ಬಿಡಿ).

ಮೊದಲು ಕೇಳಿದಾಗ ಓ, ನಮ್ಮ ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ತಾನೆ ಅಂದ್ಕೊಂಡೆ. ಅಲ್ಲ. ಆ ಗಾದೆ ಜೊತೆ ನಂಗೆ ಹಳೇ ಜಗಳ, ಏಳನೇ ಕ್ಲಾಸಲ್ಲಿ ಗಣಿತಕ್ಕೆ 35 ಬಂದಾಗ ನಮ್ಮ ಮಾವ ಮಾರ್ಕ್ಸ್ ಕಾರ್ಡನ್ನ ಖೋಟಾ ನೋಟಿನ ಥರ ಬೆಳಕಿಗೆ ಹಿಡಿದು ನೋಡಿ ಇದನ್ನೇ ಹೇಳಿದ್ರು. ನಮ್ಮದು ಒಂದೊಂದೇ ಮೊಳಕೆ ಕಿತ್ತು ಪರೀಕ್ಷೆ ಮಾಡೋ ಗಾದೆ. ಬೆಂಬಾದಲ್ಲಿ ಒಂದು ಮರ ಆದ್ರೆ ‘ಉಮುಟಿ’, ಹಲವಾದ್ರೆ ‘ಇಮಿಟಿ’, ಗಾದೇಲಿರೋದು ಹಲವು. ಯಾವ್ದು ಸೊಟ್ಟ ಯಾವ್ದು ನೆಟ್ಟಗೆ ಅನ್ನೋ ವಿಚಾರಣೆನೇ ಇಲ್ಲ, ಬೆಳೀತಿದ್ಯಾ, ಸರಿ, ನೀನೂ ಕಾಡೇ.

ಮರದ ಲೆಕ್ಕ ಅವರಿಗೆ ಚೆನ್ನಾಗೇ ಗೊತ್ತು. ಚಿಟೆಮೆನೆ ಅಂತ ಅವರ ಹಳೇ ಬೇಸಾಯ, ಗಂಡಸರು ಕೊಡಲಿ ಹಿಡ್ಕೊಂಡು ಮರ ಹತ್ತಿ ಕೊಂಬೆ ಕಡೀತಾರೆ, ಬೊಡ್ಡೆ ಹಾಗೇ ನಿಂತಿರುತ್ತೆ, ಒಣಗಿದ ಕೊಂಬೇನ ಹೆಂಗಸರು ಹೊತ್ತು ತಂದು ಒಂದ್ಕಡೆ ಒಟ್ಟುತ್ತಾರೆ, ಮಳೆಗೆ ಮುಂಚೆ ಬೆಂಕಿ, ಆಮೇಲೆ ಆ ಬೂದೀಲಿ ಬಿತ್ತೋದು ‘ಅಮಲೆ’. ಅಮಲೆ ಅಂದ್ರೆ ರಾಗಿ ಕಣ್ರೀ! ಅದರ ಹಿಟ್ಟಲ್ಲಿ ಗಟ್ಟಿಯಾಗಿ ‘ಉಬ್ವಾಲಿ’ ತಿರುವಿ, ಕೈಯಲ್ಲಿ ಉಂಡೆ ಮಾಡಿ, ‘ಉಮುನಾನಿ’ ಅನ್ನೋ ಪಲ್ಯಾನೋ ಸಾರೋ ಏನಿದ್ಯೋ ಅದಕ್ಕೆ ಅದ್ದಿ ತಿಂತಾರೆ. ಮಂಡ್ಯದೋರು ಆ ಪಂಕ್ತೀಲಿ ಕೂತ್ರೆ ಕೈ ತಡವರಿಸಲ್ಲ. ರಾಗಿ ನಮ್ಮಲ್ಲಿಗೆ ಬಂದಿದ್ದೂ ಆಫ್ರಿಕಾದಿಂದ್ಲೇ ತಾನೆ.

ಕೆಲವು ಬೆಳೆ ತೆಗೆದು ಆ ಜಾಗ ಬಿಟ್ಟು ಮುಂದಕ್ಕೆ ಹೋಗ್ತಾರೆ. ಬೊಡ್ಡೆ ಚಿಗುರಿ ಮತ್ತೆ ಕೊಡಲಿಗೆ ಬರೋಕೆ 20 ವರ್ಷಾನಾದ್ರೂ ಬೇಕು, ಅಂದ್ರೆ ಇವತ್ತು ಕಡಿದೋನು ಅಲ್ಲ, ಅವನ ಮಗ ಹತ್ತೋ ಮರ ಅದು. ಹೀಗೆ ಬದುಕೋರಿಗೆ ಎಳೇ ಚಿಗುರು ಕಂಡ್ರೆ ನಾಳೆ ಊಟಾನೇ ಕಂಡ ಹಾಗೆ ಆಗ್ತಿತ್ತೇನೋ.

ಮಾವಂಗೆ ಈಗ 78. ಕಣ್ಣು ಮಂಜು, ಅವರ ಪಿಂಚಣಿ, ಎಫ್‌ಡಿ ಬಡ್ಡಿ, ಔಷಧಿ ಬಿಲ್ಲು ಎಲ್ಲಾದರ ಲೆಕ್ಕ ನೋಡ್ಕೊಳ್ಳೋದು ನಾನು. ಆ 35ರೋನೇ.